ಆಡದ ಮಾತಿನ ನೂಲು

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಸಭೆಯೊಂದಕ್ಕೆ ಹೋಗಿದ್ದೆ. ಸ್ವಯಂಚಾಲಿತ ಯಂತ್ರಗಳ ಬಗ್ಗೆ ತಿಳಿವಳಿಕೆ ಕೊಡಲು ಕರೆದಿದ್ದ ಸಭೆ ಅದು. ಮಾತು ಅರ್ಧಕ್ಕೆ ಬಂದಿದ್ದಾಗ ಹಿಂದಿನ ಸಾಲಿನಿಂದ ವಯಸ್ಸಾದ ರೀಲರ್ ಒಬ್ಬರು ಎದ್ದು ನಿಂತರು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಆಡಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದ ಕೈ ಎತ್ತಿ ಕೇಳಿದರು: ‘ಸಾರ್, ಒಂದು ಮಾತು. ಈ ಮಿಷನ್‌ಗೆ ದಿನಾ ಒಂದೇ ಥರದ ಗೂಡು ಬೇಕು ಅಂತೀರಿ. ಮಾರ್ಕೆಟ್‌ನಲ್ಲಿ ನಾನು ಹತ್ತು ಜನ ರೈತರ ಹತ್ತು ಲಾಟು ಹಿಡೀತೀನಿ. ಒಂದು ಲಾಟಿನ ಗೂಡು ಇನ್ನೊಂದರ ಹಾಗಿರಲ್ಲ. ಅದಕ್ಕೇನು ಮಾಡೋದು?’

ವೇದಿಕೆಯ ಮೇಲಿದ್ದ ಯುವಕ ಉತ್ತರ ಹೇಳಲಿಲ್ಲ. ಪರದೆಯ ಮೇಲೆ ಮುಂದಿನ ಚಿತ್ರ ಮೂಡಿಸಿದ. ಕೋಟು ತೊಟ್ಟ ದೊಡ್ಡ ಮನುಷ್ಯರೊಬ್ಬರ ಫೋಟೊ, ಅದರ ಕೆಳಗೆ ಒಂದು ಮಾತು. ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ 1943ರಲ್ಲಿ ಹೇಳಿದ್ದಂತೆ: ಇಡೀ ಪ್ರಪಂಚಕ್ಕೆ ಹೆಚ್ಚೆಂದರೆ ಐದು ಕಂಪ್ಯೂಟರ್ ಸಾಕು. ‘ನೋಡಿ ಚಾಚಾ, ಆವತ್ತು ಅವರೂ ನಿಮ್ಮ ಹಾಗೇ ಅನುಮಾನ ಪಟ್ಟಿದ್ರು’ ಎಂದ ಯುವಕ. ಸಭೆ ಗೊಳ್ಳೆಂದು ನಕ್ಕಿತು. ಚಾಚಾ ಕೂತುಬಿಟ್ಟರು. ಅವರು ಮತ್ತೆ ಏಳಲಿಲ್ಲ.

ನನ್ನ ಮನಸ್ಸಿನಲ್ಲಿ ಆ ನಗು ಬಹಳ ದಿನ ಉಳಿಯಿತು. ಚಾಚಾ ಯಂತ್ರ ಬೇಡವೆಂದಿರಲಿಲ್ಲ. ಗೂಡಿನ ಬಗ್ಗೆ ಕೇಳಿದ್ದರು. ಗೂಡಿನ ಪ್ರಶ್ನೆಗೆ ಕಂಪ್ಯೂಟರಿನ ಉತ್ತರ ಬಂತು. ಆ ಉತ್ತರವಾದರೂ ನಿಜವೇ ಎಂದು ಹುಡುಕಿದೆ. ಅಲ್ಲ. ವಾಟ್ಸನ್ ಆ ಮಾತು ಆಡಿದರು ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಯಾರೂ ಆಡದ ಮಾತೊಂದು ಅಮೆರಿಕದಿಂದ ಶಿಡ್ಲಘಟ್ಟದವರೆಗೆ ಬಂದು, ನಿಜವಾಗಿ ಆಡಿದ ಒಂದು ಮಾತಿನ ಬಾಯಿ ಮುಚ್ಚಿಸಿತ್ತು.

ಐದರಿಂದ ಹದಿನೆಂಟು

ಈ ಮಾತಿನ ಹುಟ್ಟಿಗೆ ಹತ್ತಿರದ ನಿಜವಾದ ಘಟನೆಯೊಂದಿದೆ. 1953ರ ಏಪ್ರಿಲ್ 28ರಂದು ಐಬಿಎಂ ಷೇರುದಾರರ ಸಭೆಯಲ್ಲಿ ಮಾತನಾಡಿದವರು ಹಿರಿಯ ವಾಟ್ಸನ್ ಅಲ್ಲ, ಅವರ ಮಗ, ಕಿರಿಯ ಥಾಮಸ್ ವಾಟ್ಸನ್. ಕಂಪನಿ ಆಗ ‘701’ ಎಂಬ ಯಂತ್ರ ತಯಾರಿಸಿತ್ತು. ತಿಂಗಳಿಗೆ 12,000ದಿಂದ 18,000 ಡಾಲರ್ ಬಾಡಿಗೆಯ ಯಂತ್ರ. ಯಂತ್ರ ಇನ್ನೂ ಕಾಗದದ ಮೇಲಿದ್ದಾಗಲೇ ಕಂಪನಿಯವರು ಅದರ ನಕ್ಷೆ ಹಿಡಿದು ಸುಮಾರು 20 ಸಂಸ್ಥೆಗಳ ಬಾಗಿಲು ತಟ್ಟಿದ್ದರು. ಐದು ಯಂತ್ರಕ್ಕೆ ಬೇಡಿಕೆ ಬಂದೀತು ಎಂದುಕೊಂಡು ಹೊರಟವರು ಹದಿನೆಂಟಕ್ಕೆ ಬೇಡಿಕೆ ಹಿಡಿದು ಮನೆಗೆ ಬಂದರು. ಷೇರುದಾರರಿಗೆ ಕಿರಿಯ ವಾಟ್ಸನ್ ಹೇಳಿದ್ದು ಇಷ್ಟು.

ಈ ಕಥೆಗೂ ಪರದೆಯ ಮೇಲಿನ ಕಥೆಗೂ ಎಷ್ಟು ಅಂತರವಿದೆ ನೋಡಿ. ಪರದೆಯ ಮೇಲೆ ಕಂಡದ್ದು ಮುಂದಿನದು ಕಾಣದ ಒಬ್ಬ ಕುರುಡ. ನಿಜದ ಕಥೆಯಲ್ಲಿರುವುದು ಒಬ್ಬ ಜವಾಬ್ದಾರಿಯುತ ವ್ಯಾಪಾರಿ. ಇಷ್ಟು ಬಾಡಿಗೆಯ ಯಂತ್ರವನ್ನು ಯಾರು ತೆಗೆದುಕೊಳ್ಳುತ್ತಾರೆ, ಅವರಿಗೆ ಇದರಿಂದ ಯಾವ ಕೆಲಸವಾಗಬೇಕು ಎಂದು ಸಂಸ್ಥೆಯಿಂದ ಸಂಸ್ಥೆಗೆ ಹೋಗಿ ಕೇಳಿದವರು ಅವರು. ಅಂದರೆ ನಿಜದ ವಾಟ್ಸನ್ ನಿಂತದ್ದು ಚಾಚಾ ಪಕ್ಕದಲ್ಲೇ. ಇಬ್ಬರೂ ಕೇಳಿದ್ದು ಲೆಕ್ಕ. ಸುಳ್ಳು ಉಲ್ಲೇಖ ಒಬ್ಬರನ್ನು ಇನ್ನೊಬ್ಬರ ವಿರುದ್ಧ ಸಾಕ್ಷಿ ಹೇಳಲು ನಿಲ್ಲಿಸಿತ್ತು.

ಇಂಥ ಮಾತುಗಳ ಒಂದು ಕಟ್ಟೇ ಇದೆ. ‘ಕಂಡುಹಿಡಿಯಬೇಕಾದದ್ದನ್ನೆಲ್ಲ ಕಂಡುಹಿಡಿದಾಗಿದೆ’ ಎಂದು 1899ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯ ಮುಖ್ಯಸ್ಥ ಚಾರ್ಲ್ಸ್ ಡ್ಯೂಯೆಲ್ ಹೇಳಿದರು ಎನ್ನುತ್ತಾರೆ. ಈಬರ್ ಜೆಫ್ರಿ ಎಂಬುವರು 1940ರಲ್ಲೇ ಈ ಮಾತಿನ ಮೂಲ ಹುಡುಕಿ, ಆಧಾರವಿಲ್ಲವೆಂದು ಬರೆದರು. ಡ್ಯೂಯೆಲ್ ಅವರ ಆ ವರ್ಷದ ವರದಿಯಲ್ಲಿರುವುದು ಪೇಟೆಂಟುಗಳು ಹೆಚ್ಚುತ್ತಿರುವ ಲೆಕ್ಕ. ಅವರಿಗಿಂತ ಅರ್ಧ ಶತಮಾನ ಮೊದಲು, 1843ರ ವರದಿಯಲ್ಲಿ ಹೆನ್ರಿ ಎಲ್ಸ್‌ವರ್ತ್ ಎಂಬ ಅಧಿಕಾರಿ ಬೆರಗಿನಿಂದ ಒಂದು ಸಾಲು ಬರೆದಿದ್ದರು. ವರ್ಷದಿಂದ ವರ್ಷಕ್ಕೆ ಆಗುತ್ತಿರುವ ಪ್ರಗತಿ ನಂಬಲಾರದಷ್ಟಿದೆ, ಮನುಷ್ಯನ ಸುಧಾರಣೆ ಕೊನೆಮುಟ್ಟುವ ಕಾಲವೇ ಬಂತೇನೋ ಎನ್ನಿಸುವಷ್ಟಿದೆ ಎಂಬ ಅರ್ಥದ ಸಾಲು. ಆ ಉದ್ಗಾರವೇ ಬಾಯಿಂದ ಬಾಯಿಗೆ ತಿರುಗಿ, ಹೆಸರು ಬದಲಿಸಿಕೊಂಡು, ಕೊನೆಗೆ ದಡ್ಡತನವಾಗಿ ನಿಂತಿತೆಂದು ತೋರುತ್ತದೆ.

ಕಂಪ್ಯೂಟರಿನಲ್ಲಿ 640 ಕೆಬಿ ಮೆಮೊರಿ ಇದ್ದರೆ ಯಾರಿಗಾದರೂ ಸಾಕು ಎಂದು ಬಿಲ್ ಗೇಟ್ಸ್ 1981ರಲ್ಲಿ ಹೇಳಿದರೆಂಬ ಮಾತು ಇನ್ನೊಂದು. ಅದನ್ನು ತಾವು ಆಡಿಯೇ ಇಲ್ಲವೆಂದು ಗೇಟ್ಸ್ 1996ರಲ್ಲಿ ತಮ್ಮ ಅಂಕಣದಲ್ಲೇ ಬರೆದರು. ಜನರನ್ನು ಕೇಳಿದ್ದರೆ ವೇಗದ ಕುದುರೆ ಬೇಕೆನ್ನುತ್ತಿದ್ದರು ಎಂದು ಹೆನ್ರಿ ಫೋರ್ಡ್ ಹೇಳಿದರಂತೆ. ಫೋರ್ಡ್ ತೀರಿಕೊಂಡದ್ದು 1947ರಲ್ಲಿ. ಅವರ ಜೀವಿತಕಾಲದ ಯಾವ ದಾಖಲೆಯಲ್ಲೂ ಆ ಮಾತು ಸಿಕ್ಕಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಕೆನ್ ಓಲ್ಸನ್ 1977ರಲ್ಲಿ ಮನೆಗೆ ಕಂಪ್ಯೂಟರ್ ಯಾಕೆ ಎಂದು ಕೇಳಿದ್ದು ನಿಜ. ಆದರೆ ದೀಪ, ಬಾಗಿಲು, ಅಡುಗೆ ಎಲ್ಲವನ್ನೂ ಆಳುವ ಮನೆಯಂತ್ರದ ಬಗ್ಗೆ ತಾವು ಹೇಳಿದ್ದೆಂದು ಅವರು ಆಮೇಲೆ ವಿವರಿಸಿದರು. ಮಾತಿನ ಹಿಂದುಮುಂದು ಕತ್ತರಿಸಿದರೆ ಅರ್ಥವೂ ಕತ್ತರಿಸುತ್ತದೆ.

ಬ್ರಹ್ಮಂಗಾರು ಆಗಲೇ ಹೇಳಿದ್ದರು

ಇದು ಪರದೇಶದ ಚಾಳಿ ಎಂದುಕೊಳ್ಳುವ ಹಾಗಿಲ್ಲ. ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಆಡುವ ನಮ್ಮ ಸೀಮೆಯಲ್ಲಿ ಏನೇ ಹೊಸದು ಬಂದರೂ ಅರಳಿಕಟ್ಟೆಯ ಮೇಲೆ ಒಬ್ಬರಾದರೂ ‘ಬ್ರಹ್ಮಂಗಾರು ಆಗಲೇ ಹೇಳಿದ್ದರು’ ಅನ್ನುತ್ತಾರೆ. ಕಡಪ ಸೀಮೆಯ ಕಂದಿಮಲ್ಲಾಯಪಲ್ಲಿಯಲ್ಲಿ ನೆಲೆಸಿದ್ದ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಕಾಲಜ್ಞಾನ ಈ ಕಡೆಯ ಹಳ್ಳಿಗಳಲ್ಲಿ ಮನೆಮಾತು. ಎತ್ತಿಲ್ಲದೆ ಬಂಡಿ ಓಡುತ್ತದೆ, ನೀರಿನಿಂದ ದೀಪ ಉರಿಯುತ್ತದೆ ಎಂದು ಅವರು ಹೇಳಿದ್ದರೆಂದು ಚಿಕ್ಕಂದಿನಲ್ಲಿ ನಾವೆಲ್ಲ ಕೇಳಿ ಬೆರಗಾದವರು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಬಳೆ ಮಾರುತ್ತ ಬದುಕು ಮಾಡಿ ಯೋಗಿಯಾದ ನಾರೇಯಣರ ಹೆಸರಿನಲ್ಲೂ ಕಾಲಜ್ಞಾನದ ಮಾತುಗಳು ಪ್ರಚಲಿತವಾಗಿವೆ.

ಭಕ್ತಿ ಬೇರೆ ವಿಷಯ. ಅದನ್ನು ನಾನು ಮುಟ್ಟುವುದಿಲ್ಲ. ತಾತಯ್ಯನವರ ಪದಗಳನ್ನು ಏಕತಾರಿ ಹಿಡಿದು ಹಾಡುವವರ ಎದುರು ಕೂತವನಿಗೆ ಅವು ಮನುಷ್ಯನ ಒಳಗಿನದನ್ನು ಕುರಿತ ಮಾತುಗಳೆಂದು ತಿಳಿಯುತ್ತದೆ. ನನ್ನ ತಕರಾರು ಆ ಹೆಸರುಗಳನ್ನು ಎಳೆದು ತರುವ ರೀತಿಯ ಬಗ್ಗೆ. ಕೊರೊನಾ ಬಂದಾಗ ಕಾಲಜ್ಞಾನದ್ದೆಂದು ಒಂದು ಪದ್ಯ ಫೋನಿನಿಂದ ಫೋನಿಗೆ ಹಾರಿತು. ಪ್ರತಿಯಿಂದ ಪ್ರತಿಗೆ, ಹೇಳುವವರಿಂದ ಹೇಳುವವರಿಗೆ ಇಂಥ ಮಾತುಗಳು ಬದಲಾಗುತ್ತವೆ. ಘಟನೆ ಮೊದಲು ನಡೆಯುತ್ತದೆ, ಭವಿಷ್ಯವಾಣಿ ಆಮೇಲೆ ಹುಟ್ಟುತ್ತದೆ. ಅರಳಿಕಟ್ಟೆಗೆ ಎಲ್ಲವನ್ನೂ ಮೊದಲೇ ಕಂಡ ಜ್ಞಾನಿ ಬೇಕು, ಪರದೆಗೆ ಏನೂ ಕಾಣದ ದಡ್ಡ ಬೇಕು. ಅರಳಿಕಟ್ಟೆಯ ಮಾತೂ ಪರದೆಯ ಮೇಲಿನ ಮಾತೂ ಮಾಡುವ ಕೆಲಸ ಒಂದೇ. ಎದುರಿಗೆ ಕೂತವರು ಇನ್ನು ಕೇಳಬಾರದು.

ಬಿಸಿನೀರಿನ ಮುಂದೆ

ಹಾಗಾದರೆ ಕೇಳಬೇಕಾದ್ದು ಏನು? ಇದು ತಿಳಿಯಬೇಕಾದರೆ ನೂಲು ಬಿಚ್ಚುವ ಮನೆಯೊಳಗೇ ಹೋಗಬೇಕು. ಹೊಸಿಲು ದಾಟುವ ಮೊದಲೇ ಬೆಂದ ಪ್ಯೂಪಾದ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ಆವಿ, ಒದ್ದೆ ನೆಲ, ತಿರುಗುವ ರಾಟೆಗಳ ಒಂದೇ ಸಮನೆ ಸದ್ದು.

ಹುಳು ತನ್ನ ಸುತ್ತ ಗೂಡು ಕಟ್ಟುವಾಗ ಎಳೆಗೆ ಒಂದು ಅಂಟನ್ನೂ ಬಳಿದಿರುತ್ತದೆ. ಅದೇ ಸೆರಿಸಿನ್. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದಾಗ ಅಂಟು ಮೆದುವಾಗಿ ಎಳೆ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ತುಂಡಾಗದ ಒಂದೇ ಎಳೆ 1,000 ಮೀಟರಿನ ಆಸುಪಾಸು ಇರುತ್ತದೆ. ಮಿಶ್ರತಳಿಯದು ಅದಕ್ಕಿಂತ ಗಿಡ್ಡ. ಆ ಎಳೆ ಎಷ್ಟು ನವಿರೆಂದರೆ ಒಂದನ್ನೇ ಹಿಡಿದು ನೇಯಲಾಗದು. ಏಳೆಂಟು ಗೂಡುಗಳ ಎಳೆಗಳನ್ನು ಒಟ್ಟು ಸೇರಿಸಿ ಒಂದು ನೂಲು ಮಾಡಬೇಕು. ನೂಲಿನ ದಪ್ಪದ ಲೆಕ್ಕಕ್ಕೆ ಡೆನಿಯರ್ ಎಂದು ಹೆಸರು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಏಳೆಂಟು ಗೂಡು ಸೇರಿದರೆ 20–22 ಡೆನಿಯರ್ ಆಗುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದ. ಗೂಡಿನ ಒಳಪದರಕ್ಕೆ ಬರುಬರುತ್ತ ಎಳೆ ಸಣ್ಣಗಾಗುತ್ತದೆ. ಒಂದು ಗೂಡು ಮುಗಿಯುತ್ತದೆ, ಇನ್ನೊಂದರ ಎಳೆ ನಡುವೆ ಕಡಿಯುತ್ತದೆ. ಆ ಕ್ಷಣಕ್ಕೆ ಹೊಸ ಗೂಡಿನ ಎಳೆ ಸೇರಿಸದಿದ್ದರೆ ಅಲ್ಲಿ ನೂಲು ತೆಳುವಾಗುತ್ತದೆ. ಬೇಸಿನ್ ಮುಂದೆ ಕೂತ ಹೆಂಗಸಿನ ಕೈ ನೋಡಬೇಕು. ನೀರಿನಲ್ಲಿ ತೇಲುವ ಗೂಡುಗಳ ಗುಂಪಿನತ್ತ ಕಣ್ಣು, ಎಡಗೈಯಲ್ಲಿ ಹೊಸ ಗೂಡುಗಳ ಎಳೆಗಳ ಗೊಂಚಲು. ಒಂದು ಗೂಡು ಪಾರದರ್ಶಕವಾಗಿ ಒಳಗಿನ ಪ್ಯೂಪಾ ಕಪ್ಪಗೆ ಕಂಡ ಕೂಡಲೇ ಬೆರಳಿನ ಒಂದೇ ಚಿಮ್ಮಿನಿಂದ ಹೊಸ ಎಳೆ ಓಡುವ ನೂಲಿಗೆ ಅಂಟಿಕೊಳ್ಳುತ್ತದೆ. ಗಂಟು ಹಾಕುವುದಿಲ್ಲ, ಎಣಿಸುವುದೂ ಇಲ್ಲ. ನೀರು ಬಿಸಿಯಾಗಿರಬೇಕು, ಆದ್ದರಿಂದ ಬೆರಳು ಸುಡುತ್ತಲೇ ಇರಬೇಕು.

ನೂಲು ಬಿಚ್ಚುವ ಸಾಧನಗಳಲ್ಲಿ ಹಳೆಯದಾದ ಚರಕದಲ್ಲಿ ಎಲ್ಲವೂ ಕಣ್ಣಂದಾಜು. ನೂಲು ಸ್ವಲ್ಪ ದಪ್ಪ, ಅಲ್ಲಲ್ಲಿ ಏರಿಳಿತ. ಆದರೆ ಬೇರೆಡೆ ಬಿಚ್ಚಲಾಗದ ಕಳಪೆ ಗೂಡನ್ನೂ ಚರಕ ಬಿಚ್ಚುತ್ತದೆ. ಅದರ ಮುಂದಿನ ಹಂತವಾದ ಕಾಟೇಜ್ ಬೇಸಿನ್‌ನಲ್ಲಿ ಗೂಡು ಬೇಯಿಸುವುದು ಬೇರೆ, ಬಿಚ್ಚುವುದು ಬೇರೆ. ನೂಲು ತನಗೆ ತಾನೇ ಸುತ್ತಿಕೊಂಡು ನೀರು ಹಿಂಡಿಕೊಳ್ಳುತ್ತದೆ, ಸಣ್ಣ ರೀಲಿನಿಂದ ದೊಡ್ಡದಕ್ಕೆ ಮತ್ತೆ ಸುತ್ತಿ ಲಡಿ ಕಟ್ಟುತ್ತಾರೆ. ಮಲ್ಟಿ ಎಂಡ್ ಯಂತ್ರದಲ್ಲಿ ಒಬ್ಬರೇ ಹೆಚ್ಚು ಎಳೆಗಳನ್ನು ನಿಧಾನದ ವೇಗದಲ್ಲಿ ನೋಡಿಕೊಳ್ಳುವುದರಿಂದ ನೂಲು ಇನ್ನೂ ಸಮವಾಗುತ್ತದೆ. ಸ್ವಯಂಚಾಲಿತ ಯಂತ್ರದಲ್ಲಿ ಆ ಹೆಂಗಸಿನ ಕಣ್ಣಿನ ಕೆಲಸವನ್ನು ಎರಡು ಗಾಜಿನ ಬಿಲ್ಲೆಗಳು ಮಾಡುತ್ತವೆ. ಅವುಗಳ ಸಂದಿಯಲ್ಲಿ ನೂಲು ಹಾಯುವಾಗ ಉಜ್ಜುವಿಕೆ ಕಡಿಮೆಯಾಯಿತೆಂದರೆ ನೂಲು ತೆಳುವಾಯಿತೆಂದು ಅರ್ಥ. ತಕ್ಷಣ ಹೊಸ ಗೂಡು ಬಂದು ಸೇರುತ್ತದೆ. ಹೀಗೆ ಒಂದು ಯಂತ್ರದಲ್ಲಿ 400 ನೂಲುಗಳು ಏಕಕಾಲಕ್ಕೆ ಓಡಬಲ್ಲವು. ಆ ಬಿಲ್ಲೆಗಳನ್ನು ಕಂಡಾಗ ಕೈಮುಗಿಯಬೇಕು ಅನ್ನಿಸುತ್ತದೆ. ಸುಟ್ಟ ಬೆರಳುಗಳ ಒಂದು ತಲೆಮಾರಿಗೆ ಅದು ಬಿಡುಗಡೆ.

ಆದರೆ ಆ ಬಿಲ್ಲೆಗಳಿಗೆ ಅಳೆಯಲು ಗೊತ್ತು, ಹೊಂದಿಕೊಳ್ಳಲು ಗೊತ್ತಿಲ್ಲ. ಗೂಡು ಒಂದೇ ತಳಿಯದು, ಒಂದೇ ಗಾತ್ರದ್ದು, ಸಮವಾಗಿ ಬೆಂದದ್ದು ಆಗಿದ್ದರೆ ಯಂತ್ರ ದೇವರ ಹಾಗೆ ದುಡಿಯುತ್ತದೆ. ಹತ್ತು ಲಾಟಿನ ಗೂಡು ಬೆರೆತರೆ ಎಳೆ ಮೇಲಿಂದ ಮೇಲೆ ಕಡಿಯುತ್ತದೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕೋ ಅದನ್ನು ರೆಂಡಿಟ್ಟಾ ಎನ್ನುತ್ತಾರೆ. ಎಳೆ ಕಡಿದಷ್ಟೂ ಆ ಲೆಕ್ಕ ಏರುತ್ತದೆ, ಏರಿದಷ್ಟೂ ರೀಲರ್ ಮುಳುಗುತ್ತಾನೆ. ಜತೆಗೆ ದೊಡ್ಡ ಯಂತ್ರಕ್ಕೆ ದಿನವೂ ದೊಡ್ಡ ಪ್ರಮಾಣದ ಗೂಡು ಬೇಕು, ಅದನ್ನು ಕೊಳ್ಳಲು ಕೈಯಲ್ಲಿ ದುಡ್ಡು ಬೇಕು, ಕರೆಂಟು ಬೇಕು, ಬಾಯ್ಲರಿಗೆ ಉರುವಲು ಬೇಕು. ಚಾಚಾ ಕೇಳಿದ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಇಷ್ಟೂ ಇತ್ತು.

ಇನ್ನೊಂದು ಮಾತು. ಬಟ್ಟೆಗೆ ಹಾಸೂ ಬೇಕು, ಹೊಕ್ಕೂ ಬೇಕು. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟುವ ಹಾಸಿಗೆ ಕಡಿಯದ, ಸಮನಾದ ನೂಲು ಬೇಕು. ಅಡ್ಡಕ್ಕೆ ಹಾಯುವ ಹೊಕ್ಕಿಗೆ ಸ್ವಲ್ಪ ದಪ್ಪದ ನೂಲೂ ನಡೆಯುತ್ತದೆ. ಚರಕದ ನೂಲು ಇಷ್ಟು ಕಾಲ ಬಾಳಿದ್ದು ಹೀಗೆ, ಹೊಕ್ಕಾಗಿ. ‘ನೂಲಿನಂತೆ ಸೀರೆ’ ಎಂದ ನಮ್ಮ ಹಿರಿಯರು ಯಾವ ನೂಲು ಶ್ರೇಷ್ಠ ಎಂದು ಹೇಳಲಿಲ್ಲ. ಯಾವ ಸೀರೆ ಬೇಕು ಎಂದು ಮೊದಲು ತಿಳಿದುಕೋ ಎಂದರು.

ಜಮಖಾನದಿಂದ ಕಾಲುಚೀಲದವರೆಗೆ

ಇದೇ ಜಗಳ ಬೇರೆ ಕಸುಬುಗಳಲ್ಲೂ ನಡೆಯುತ್ತದೆ. ಕಾರ್ಪೆಟ್ ತೊಳೆಯುವವರಲ್ಲಿ ಎರಡು ಪಕ್ಷ. ಬಿಸಿನೀರು ನುಗ್ಗಿಸಿ ಎಳೆದರೇ ಆಳದ ಕೊಳೆ ಹೋಗುವುದು ಎನ್ನುವವರು ಒಂದು ಕಡೆ. ಅಷ್ಟು ನೀರು ಕುಡಿಸಿದರೆ ಅಡಿಪದರ ಕೊಳೆಯುತ್ತದೆ, ಒಣ ವಿಧಾನವೇ ಮೇಲು ಎನ್ನುವವರು ಇನ್ನೊಂದು ಕಡೆ. ವಾದ ಬಿಸಿಯೇರಿದಾಗ ಅಲ್ಲಿಗೂ ಅದೇ ಐದು ಕಂಪ್ಯೂಟರ್, ಅದೇ ಕುದುರೆ ಬಂದು ನಿಲ್ಲುತ್ತವೆ. ಉತ್ತರ ಇರುವುದು ಕಾರ್ಪೆಟ್ಟಿನ ಎಳೆಯಲ್ಲಿ. ನೈಲಾನಿಗೆ ಒಗ್ಗಿದ್ದು ಉಣ್ಣೆಗೆ ಒಗ್ಗದಿರಬಹುದು. ರೇಷ್ಮೆ ಕಾರ್ಪೆಟ್ಟಿಗೆ ಕುದಿನೀರು ಹಾಕಿದರೆ ಬಣ್ಣವೂ ಹೊಳಪೂ ಹೋಗಬಹುದು. ನಮ್ಮಮ್ಮ ಜಮಖಾನವನ್ನು ಮಾಳಿಗೆಯ ಗೋಡೆಗೆ ಇಳಿಬಿಟ್ಟು ಬಡಿಗೆಯಿಂದ ಬಡಿದು ಧೂಳು ಕೊಡವುತ್ತಿದ್ದರು, ಸೋಪಿನ ನೀರಿಗೆ ಹಾಕುತ್ತಿದ್ದದ್ದು ವರ್ಷಕ್ಕೊಮ್ಮೆ. ಅದರ ಬಣ್ಣ ಬಿಡುತ್ತದೆಂದು ಅವರಿಗೆ ಗೊತ್ತಿತ್ತು. ಅವರ ವಿಧಾನವನ್ನು ಜಮಖಾನ ತೀರ್ಮಾನಿಸಿತ್ತು.

ಈ ಕಸುಬಿನ ಚರಿತ್ರೆಯಲ್ಲೇ ಒಳ್ಳೆಯ ಪಾಠವೊಂದಿದೆ. ಲಂಡನ್ನಿನಲ್ಲಿ ಧೂಳನ್ನು ಊದಿ ತೆಗೆಯುವ ಯಂತ್ರವೊಂದರ ಪ್ರದರ್ಶನ ನೋಡಿದ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಊದುವ ಬದಲು ಹೀರಬಾರದೇಕೆ ಎಂದು ಕೇಳಿದರು. ಅದು ಆಗದ ಕೆಲಸವೆಂಬ ಉತ್ತರ ಬಂತು. ಬೂತ್ ಮರುವಾದ ಹೂಡಲಿಲ್ಲ. ಹೋಟೆಲೊಂದರ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಬಾಯಿಟ್ಟು ಜೋರಾಗಿ ಹೀರಿದರು. ಬಾಯಿಗೆ ಧೂಳು ನುಗ್ಗಿ ಕೆಮ್ಮಿದರು, ಆದರೆ ಕರವಸ್ತ್ರದ ಅಡಿಗೆ ಕಪ್ಪನೆಯ ಗುರುತು ಬಿದ್ದಿತ್ತು. 1901ರಲ್ಲಿ ಅವರ ವ್ಯಾಕ್ಯೂಮ್ ಕ್ಲೀನರಿಗೆ ಪೇಟೆಂಟ್ ಬಂತು. ಆಗದೆಂದವರ ಮಾತನ್ನು ಸುಳ್ಳು ಮಾಡಿದ್ದು ಆ ಕರವಸ್ತ್ರ.

ಅಳುಕಿನ ಭವಿಷ್ಯವಾಣಿಗಳಷ್ಟೇ ತಪ್ಪುತ್ತವೆ ಎಂದೂ ತಿಳಿಯಬಾರದು. ಹತ್ತು ವರ್ಷದಲ್ಲಿ ಅಣುಶಕ್ತಿಯಿಂದ ಓಡುವ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ ಎಂಬ ಮಾತು ಅಮೆರಿಕದ ತಯಾರಕ ಅಲೆಕ್ಸ್ ಲೂಯಿಟ್ ಅವರ ಹೆಸರಿನಲ್ಲಿ, 1955ರದ್ದೆಂದು ಪಟ್ಟಿಗಳಲ್ಲಿ ಓಡಾಡುತ್ತದೆ. ಯಾರ ಮನೆಗೂ ಅಂಥದ್ದು ಬರಲಿಲ್ಲ. ಆದರೆ ಯಂತ್ರ ಮಾರುವವರು ಈ ಮಾತನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಅನುಮಾನಪಟ್ಟು ತಪ್ಪಿದವರ ಪಟ್ಟಿ ಇದೆ. ಅನುಮಾನಪಟ್ಟು ಸರಿಯಾದವರ ಪಟ್ಟಿಯನ್ನು, ಸಾಲ ಮಾಡದೆ ಮನೆ ಉಳಿಸಿಕೊಂಡವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ.

ನಿಜವಾಗಿ ಆಡಿ ತಪ್ಪಿದ ಮಾತುಗಳೂ ಇವೆ. ಬಲೂನು ಬಿಟ್ಟು ಬೇರೆ ಆಕಾಶಯಾನದಲ್ಲಿ ತಮಗೆ ಕಿಂಚಿತ್ತೂ ನಂಬಿಕೆಯಿಲ್ಲವೆಂದು ದೊಡ್ಡ ವಿಜ್ಞಾನಿ ಲಾರ್ಡ್ ಕೆಲ್ವಿನ್ 1896ರಲ್ಲಿ ಪತ್ರ ಬರೆದದ್ದು ನಿಜ. 1903ರಲ್ಲಿ ರೈಟ್ ಸಹೋದರರು ಹಾರಿದ್ದೂ ನಿಜ. ಆದರೆ ಕೆಲ್ವಿನ್ ವಿಮಾನದ ವಿಷಯದಲ್ಲಿ ತಪ್ಪಿದ್ದರಿಂದ ಶಿಡ್ಲಘಟ್ಟದ ಗೂಡಿನ ಲಾಟು ಒಂದೇ ಸಮ ಆಗಿಬಿಡುವುದಿಲ್ಲವಲ್ಲ.

ಒಂದು ಕಡೆ ನಿಜವಾದ ಮಾತು ಇನ್ನೊಂದು ಕಡೆ ನಿಜವಾಗಬೇಕಿಲ್ಲ ಎಂಬುದಕ್ಕೆ ರೇಷ್ಮೆಯೇ ಒಳ್ಳೆಯ ಸಾಕ್ಷಿ. 1938ರ ಅಕ್ಟೋಬರ್‌ನಲ್ಲಿ ಡ್ಯೂಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು, 1940ರ ಮೇ ತಿಂಗಳಲ್ಲಿ ಅಮೆರಿಕದಾದ್ಯಂತ ನೈಲಾನ್ ಕಾಲುಚೀಲ ಮಾರಾಟಕ್ಕೆ ಬಂತು. ಅಲ್ಲಿನ ಹೆಂಗಸರ ಕಾಲುಚೀಲಕ್ಕೆ ರೇಷ್ಮೆ ಕಳಿಸಿ ಬದುಕುತ್ತಿದ್ದ ಜಪಾನಿನ ರೈತರಿಗೆ ಅದು ದೊಡ್ಡ ಪೆಟ್ಟು. ಕಾಲುಚೀಲದ ಮಟ್ಟಿಗೆ ರೇಷ್ಮೆಯ ಕಾಲ ಮುಗಿಯಿತು. ಸೀರೆಯ ಮಟ್ಟಿಗೆ ಮುಗಿಯಲಿಲ್ಲ. ಒಂದೇ ನೂಲು, ಒಂದೇ ಕಾಲ, ಎರಡು ಬಟ್ಟೆ, ಎರಡು ಹಣೆಬರಹ. ‘ರೇಷ್ಮೆ ಮುಗಿಯಿತು’ ಎಂದವರೂ ‘ರೇಷ್ಮೆಗೆ ಸಾವಿಲ್ಲ’ ಎಂದವರೂ ಕೇಳಬೇಕಿದ್ದದ್ದು ಯಾವುದಕ್ಕೆ, ಯಾರಿಗೆ ಎಂದು.

ನಂದಿ ಬೆಟ್ಟ ಮತ್ತು ಮುದ್ದೇನಹಳ್ಳಿ

ಶಿಡ್ಲಘಟ್ಟವಿರುವ ಈ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಯಂತ್ರದ ಮಾತು ಬಂದರೆ ಇಬ್ಬರ ಹೆಸರು ಬಾರದೆ ಇರುವುದಿಲ್ಲ. ಒಬ್ಬರು ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತ ಸರ್ ಎಂ. ವಿಶ್ವೇಶ್ವರಯ್ಯ. ಇನ್ನೊಬ್ಬರು ಆರೋಗ್ಯ ಕೆಟ್ಟಾಗ 1927ರ ಬೇಸಿಗೆಯಲ್ಲಿ ನಂದಿ ಬೆಟ್ಟಕ್ಕೆ ಬಂದು ತಂಗಿದ್ದ ಮಹಾತ್ಮ ಗಾಂಧಿ. ‘ಕೈಗಾರಿಕೆ ಇಲ್ಲವೇ ವಿನಾಶ’ ಎಂಬುದು ವಿಶ್ವೇಶ್ವರಯ್ಯನವರ ಘೋಷಣೆ. ಅದನ್ನು ಹಿಡಿದು ಒಂದು ಪಕ್ಷ, ‘ನೋಡಿ, ಸರ್ ಎಂವಿ ಆಗಲೇ ಭವಿಷ್ಯ ನುಡಿದಿದ್ದರು, ಕೈಕಸುಬು ಉಳಿಯುವುದಿಲ್ಲ’ ಎನ್ನುತ್ತದೆ. ಗಾಂಧಿ ಯಂತ್ರಗಳ ಶತ್ರು ಎಂದು ಹೇಳಿ ಇನ್ನೊಂದು ಪಕ್ಷ ಹತ್ತಿ ನೂಲುವ ಚರಕವನ್ನು ಎದುರಿಗಿಡುತ್ತದೆ.

ಇಬ್ಬರಿಗೂ ಇದು ಅನ್ಯಾಯ. ವಿಶ್ವೇಶ್ವರಯ್ಯ 1898ರಲ್ಲೇ ಜಪಾನಿಗೆ ಹೋಗಿ ಕಣ್ಣಾರೆ ನೋಡಿ ಬಂದವರು. ದೊಡ್ಡ ಕಾರ್ಖಾನೆಯ ಜತೆಗೆ ಹಳ್ಳಿಯ ಕೈಗಾರಿಕೆಯ ಬಗ್ಗೆಯೂ ಯೋಚಿಸಿ ಬರೆದವರು. ಅಂಕಿಅಂಶವಿಲ್ಲದೆ ಒಂದು ಹೆಜ್ಜೆ ಇಡದ ಮನುಷ್ಯನ ಹೆಸರನ್ನು ಅಂಕಿಅಂಶ ಕೇಳಿದವರ ಬಾಯಿ ಮುಚ್ಚಿಸಲು ಬಳಸುತ್ತೇವೆ. ಗಾಂಧಿಯಾದರೋ 1924ರಲ್ಲೇ ತಮ್ಮ ವಿರೋಧ ಯಂತ್ರದ ಹುಚ್ಚಿಗೆ, ಯಂತ್ರಕ್ಕಲ್ಲ ಎಂದು ಸ್ಪಷ್ಟಪಡಿಸಿದ್ದರು. ಸಿಂಗರ್ ಹೊಲಿಗೆ ಯಂತ್ರವನ್ನು ಮೆಚ್ಚಿ ಕೊಂಡಾಡಿದ್ದರು.

ಅದಕ್ಕಿಂತ ದೊಡ್ಡ ಸಾಕ್ಷಿ 1929ರದು. ಗಾಂಧಿಯವರ ಅಖಿಲ ಭಾರತ ಚರಕ ಸಂಘ ಆ ವರ್ಷ ಸುಧಾರಿತ ಚರಕಕ್ಕೆ 1 ಲಕ್ಷ ರೂಪಾಯಿ ಬಹುಮಾನ ಸಾರಿತು. ಆ ಕಾಲದ ಒಂದು ಲಕ್ಷ! ಅದರ ಷರತ್ತುಗಳನ್ನು ಓದಿದಾಗ ನನಗೆ ಮೈನವಿರೆದ್ದಿತು. ಹಳ್ಳಿಯ ಮನೆಯಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯುವಂತಿರಬೇಕು. ಒಬ್ಬ ಹೆಂಗಸು ಹೆಚ್ಚು ದಣಿಯದೆ ದಿನಕ್ಕೆ ಎಂಟು ಗಂಟೆ ನಡೆಸುವಂತಿರಬೇಕು. ಬೆಲೆ 150 ರೂಪಾಯಿ ಮೀರಬಾರದು. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಯಂತ್ರವೊಂದನ್ನು ತೂಗುವ ತಕ್ಕಡಿ ಹೇಗಿರಬೇಕೆಂದು ಆ ಷರತ್ತುಗಳು ತೋರಿಸಿಕೊಟ್ಟವು. ಯಾರು ನಡೆಸುತ್ತಾರೆ, ಅವರ ಮೈಗೆ ಎಷ್ಟು ದಣಿವು, ಎಷ್ಟು ಹೊತ್ತು, ಎಷ್ಟು ದುಡ್ಡು. ಭವಿಷ್ಯವಾಣಿಗೆ ಅಲ್ಲಿ ಜಾಗವೇ ಇಲ್ಲ.

ಪ್ರಮಾಣಿಸಿ ನೋಡು

ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಭೌತವಿಜ್ಞಾನದ ಮೇಷ್ಟ್ರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕೊನೆಯವರೆಗೂ ಖಾದಿ ಉಟ್ಟರು, ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಹೋದಲ್ಲೆಲ್ಲ ಹೇಳಿದರು. ಎಚ್‌ಎನ್ ಅವರಲ್ಲಿ ಗಾಂಧಿಯ ಖಾದಿಯೂ ವಿಜ್ಞಾನದ ಕಟ್ಟುನಿಟ್ಟೂ ಒಟ್ಟಿಗೆ ಇದ್ದವು. ಅವು ಒಂದಕ್ಕೊಂದು ಎದುರು ಎಂದು ನಂಬಿದವರು ಅವರ ಬದುಕನ್ನು ಒಮ್ಮೆ ನೋಡಬೇಕು.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮದು. ಕಂಡದ್ದಕ್ಕೇ ಈ ಕಟ್ಟಳೆಯಾದರೆ ಕೇಳಿದ್ದಕ್ಕೆ ಎಷ್ಟಿರಬೇಡ? ದೊಡ್ಡವರ ಹೆಸರಿನಲ್ಲಿ ಒಂದು ಮಾತು ಬಂದಾಗ ಕೇಳಬೇಕಾದದ್ದು ಹೆಚ್ಚೇನಿಲ್ಲ. ಯಾರು, ಯಾವಾಗ, ಎಲ್ಲಿ ಹೇಳಿದರು? ಅದರ ಹಿಂದಿನ ಮಾತು ಏನು, ಮುಂದಿನ ಮಾತು ಏನು? ಘಟನೆಗೆ ಮೊದಲು ಬರೆದಿಟ್ಟದ್ದೋ, ಆಮೇಲೆ ಹುಟ್ಟಿದ್ದೋ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಆ ಮಾತು ನಿಜವೇ ಆದರೂ ನಮ್ಮ ಎದುರಿಗಿರುವ ಪ್ರಶ್ನೆಗೆ ಅದು ಉತ್ತರವೇ? ಈ ಕೊನೆಯ ಪ್ರಶ್ನೆಯನ್ನು ಆ ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಚಾಚಾ ಕೂರಬೇಕಾಗಿರಲಿಲ್ಲ. ನಾನೂ ಅಲ್ಲಿದ್ದೆ, ನಾನೂ ಕೇಳಲಿಲ್ಲ. ಅದರ ನೋವು ಈ ಬರಹಕ್ಕೆ ಕಾರಣ.

ಸಭೆ ಮುಗಿದ ಮೇಲೆ ಹೊರಗೆ ಟೀ ಅಂಗಡಿಯಲ್ಲಿ ಚಾಚಾ ಸಿಕ್ಕರು. ನಾನು ಅವರ ಪ್ರಶ್ನೆಯನ್ನೇ ಮತ್ತೆ ಎತ್ತಿದೆ. ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದ, ಗೂಡು ಮಾರಲು ಬಂದಿದ್ದ ರೈತರೊಬ್ಬರು ಕಿವಿಗೊಟ್ಟು ಕೇಳಿ, ‘ಅದಕ್ಕೆ ದಾರಿ ಐತೆ ಸಾಯಬ್ರೆ’ ಎಂದರು. ‘ನಾವು ಹತ್ತು ಮನೆಯೋರು ಮರಿಹುಳು ಸಾಕೋ ಒಂದೇ ಚಾಕಿ ಕೇಂದ್ರದಿಂದ, ಒಂದೇ ತಳಿ, ಒಂದೇ ದಿನ ಹುಳು ತಂದ್ರೆ ಗೂಡು ಹೆಚ್ಚೂಕಮ್ಮಿ ಒಂದೇ ಸಮ ಬರ್ತದೆ. ಆದ್ರೆ ಒಟ್ಟಿಗೆ ಹಿಡಿಯೋರು ಬೇಕಲ್ಲ, ಒಳ್ಳೆ ರೇಟು ಕೊಟ್ಟು?’

ಚಾಚಾ ಟೀ ಲೋಟ ಕೆಳಗಿಟ್ಟರು. ‘ಎಷ್ಟು ಮನೆ ಅಂದ್ರಿ?’ ಎಂದು ಕೇಳಿದರು. ರೈತರು ಊರ ಹೆಸರು ಹೇಳಿ ಬೆರಳು ಮಡಚಿ ಎಣಿಸತೊಡಗಿದರು. ಚಾಚಾ ಜೇಬಿನಿಂದ ಮಾರ್ಕೆಟ್ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ ಬರೆದುಕೊಳ್ಳಲು ನನ್ನ ಪೆನ್ನು ಕೇಳಿದರು.